ಮೂರನೆಯ ಕೂಗು

ಹೆಂಡತಿಯ ಕಿವಿಯೊಳಗೆ ಪರಪುರುಷನೊಬ್ಬ ಬಂದು ಕೂತರೆ ಯಾವ ಗಂಡನಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಆ ಪರಪುರುಷನಿಗೆ ಮೈಯಿಲ್ಲ, ಮುಖವಿಲ್ಲ, ಅವನು ಕಿವಿಗೆ ಸಿಕ್ಕಿಸುವ ಕಡಲೆಕಾಳಿನಷ್ಟು ಗುಂಡಿಯೊಳಗಿನ ಬರೀ ದನಿ ಎಂದು ಎಷ್ಟು ಜನ ತಿಳಿಹೇಳಿದರೂ ಅರಸೀಕೆರೆ ಕೋರ್ಟಿನ ಜವಾನ ರುದ್ರೇಶನಿಗೆ ಸಮಾಧಾನವಾಗಲಿಲ್ಲ. ಮೀಸೆಯಾದರೂ ಇದ್ದಿದ್ದರೆ ಹಿಡಿದು ಎಳೆಯಬಹುದಿತ್ತು ಎಂದು ಒಳಗೊಳಗೇ ಕುದಿಯುತ್ತಿದ್ದ.

ತಮ್ಮ ಕೇಸನ್ನು ತಾವೇ ನಡೆಸುವವರು ಆನ್‌ಲೈನ್ ವಕೀಲನನ್ನು ಇಟ್ಟುಕೊಳ್ಳಬಹುದು ಎಂಬ ಕಾಯಿದೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಜನ ಅದಕ್ಕೆ ಕಿವಿವಕೀಲ ಎಂದು ಹೆಸರಿಟ್ಟಿದ್ದರು. ಅದು ಸಾವಿರಾರು ವಕೀಲರ ವಾದಗಳನ್ನು ಅರಗಿಸಿಕೊಂಡ ಯಂತ್ರ. ಕಕ್ಷಿದಾರರ ಕಿವಿಯಲ್ಲಿ ಅದು ಎಷ್ಟು ಬೇಕಾದರೂ ಪಿಸುಗುಡಬಹುದು, ಆದರೆ ಬಾಯಿಬಿಟ್ಟು ಹೇಳುವವರು ಕಕ್ಷಿದಾರರೇ ಆಗಬೇಕು, ಅದೂ ಅವರದೇ ಮಾತಿನಲ್ಲಿ. ಗಿಣಿಪಾಠ ಒಪ್ಪಿಸಿದರೆ ನ್ಯಾಯಾಧೀಶರು ಅಲ್ಲೇ ತಡೆಯುತ್ತಿದ್ದರು. ಹಾಗಾಗಿ ವಿಚಾರಣೆಗೆ ಮುಂಚೆ ಎರಡು ವಾರ ಕಿವಿವಕೀಲ ಮನೆಗೇ ಬರುತ್ತಿತ್ತು. ಹಗಲೆಲ್ಲ ಕಿವಿಯಲ್ಲೇ ಕೂತು, ಆ ಮನುಷ್ಯ ಹೇಗೆ ಮಾತಾಡುತ್ತಾನೆ, ಎಲ್ಲಿ ತಡವರಿಸುತ್ತಾನೆ, ಯಾವುದಕ್ಕೆ ಗಂಟಲು ಕಟ್ಟುತ್ತದೆ, ಎಲ್ಲವನ್ನೂ ಕಲಿಯುತ್ತಿತ್ತು.

ಇಂಥ ಕಾಲದಲ್ಲೂ ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗಲು ಮನುಷ್ಯನೇ ಬೇಕಾಗಿತ್ತು. ನಡುವೆ ಸ್ವಲ್ಪ ದಿನ ಗೋಡೆಯ ಪರದೆಯ ಮೇಲೆ ಹೆಸರು ತೋರಿಸಿ ನೋಡಿದ್ದರು. ಕಣ್ಣು ಮಂಜಾದವರು, ಓದು ಬಾರದವರು ಆ ಪರದೆಯ ಕೆಳಗೇ ಕೂತಿದ್ದು ಕೇಸು ಕಳೆದುಕೊಂಡರು. ದೊಡ್ಡ ಗಲಾಟೆಯಾಗಿ, ಹಳೆಯ ಪದ್ಧತಿಯೇ ಮತ್ತೆ ಬಂತು. ಬಾಗಿಲಲ್ಲಿ ನಿಂತ ಮನುಷ್ಯ ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ವಾದಿ ಒಳಗೆ ಬಾರದಿದ್ದರೆ ಕೇಸು ವಜಾ. ರುದ್ರೇಶ ಎರಡನೇ ಕೋರ್ಟ್ ಹಾಲಿನ ಬಾಗಿಲಲ್ಲಿ ಕೂಗುವವನು. ಅವನದು ಅದಕ್ಕೆಂದೇ ಮಾಡಿಸಿದಂಥ ಗಂಟಲು. ಅವನು ಒಮ್ಮೆ ಕೂಗಿದರೆ ಕಾಂಪೌಂಡಿನ ಆಚೆ ಟೀ ಕುಡಿಯುತ್ತಿದ್ದವರು ಲೋಟ ಅಲ್ಲೇ ಇಟ್ಟು ಓಡಿಬರುತ್ತಿದ್ದರು.

ತಾಲ್ಲೂಕಿನವರ ಹೆಸರನ್ನೆಲ್ಲ ಕೂಗಿದ ಆ ಬಾಯಿ ಹೆಂಡತಿಯ ಹೆಸರನ್ನು ಮಾತ್ರ ಒಂದು ದಿನವೂ ಹಿಡಿದು ಕರೆದಿರಲಿಲ್ಲ. ಮನೆಯಲ್ಲಿ ಅವಳು ‘ಇವಳೇ’, ಹೊರಗಿನವರ ಮುಂದೆ ‘ನಮ್ಮನೆಯವಳು’. ಅವನ ಅಪ್ಪ ಅಮ್ಮನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಹೆಸರು ಹಿಡಿದು ಕರೆಯುವುದೆಂದರೆ ಅವನಿಗೆ ಅದೇನೋ ನಾಚಿಕೆ. ಅವಳ ಹೆಸರು ವನಜಾಕ್ಷಿ.

ವನಜಾಕ್ಷಿಯ ಕೇಸು ಒಂದು ತೂಗುಮಣೆಯದು. ಅವಳ ತವರಿನ ನಡುಮನೆಯಲ್ಲಿ ಹಿತ್ತಾಳೆ ಸರಪಳಿಯ ಬೀಟೆಮರದ ತೂಗುಮಣೆ ಇತ್ತು. ಅವಳ ತಾಯಿ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತ, ಪಕ್ಕದಲ್ಲಿ ಕೂತ ಮಗಳ ಮಾತು ಕೇಳುತ್ತಿದ್ದರು. ಮಗಳೋ ಮಾತಿನ ಮಲ್ಲಿ. ಒಂದು ಸಂಗತಿ ಹೇಳಲು ಹೊರಟರೆ ಊರೆಲ್ಲ ಸುತ್ತಿ ಬರುವವಳು. ಅಷ್ಟು ಮಾತನ್ನು ಅಡ್ಡ ಬಾಯಿ ಹಾಕದೆ ಕೇಳುತ್ತಿದ್ದವರು ತಾಯಿಯೊಬ್ಬರೇ. ‘ನಾನು ಹೋದ್ಮೇಲೆ ಇದು ನಿಂಗೇ ಕಣೇ’ ಎಂದು ಅವರು ಹತ್ತಾರು ಸಲ ಹೇಳಿದ್ದರು.

ತಾಯಿಯ ಕಾರ್ಯ ಮುಗಿದ ದಿನ, ಅಣ್ಣ ಪರಮೇಶ ಆ ಮಾತೆತ್ತಿದ. ಎತ್ತಿದ್ದು ತಂಗಿಯ ಹತ್ತಿರ ಅಲ್ಲ, ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದ ರುದ್ರೇಶನ ಹತ್ತಿರ.

“ಭಾವ, ಆ ತೂಗುಮಣೆ ನೀವೇನಾದ್ರೂ ಸಾಗಿಸೋದಿದ್ಯಾ?”

“ನಮ್ಮನೇಲಿ ಎಲ್ಲಿದೆ ಕಣಪ್ಪ ಅದಕ್ಕೆ ಜಾಗ. ನೀನೇ ಇಟ್ಕೊ” ಎಂದ ರುದ್ರೇಶ, ಎಲೆ ಅಡಿಕೆ ಮೆಲ್ಲುತ್ತ. ವನಜಾಕ್ಷಿ ಆಗ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ಈಗ ಪರಮೇಶ ಹೆದ್ದಾರಿಯ ಪಕ್ಕ ಒಂದು ರೆಸಾರ್ಟ್ ಕಟ್ಟಿಸುತ್ತಿದ್ದ. ತೂಗುಮಣೆಯನ್ನು ಅದರ ಹೆಬ್ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿ, ಅಲ್ಲಾಡದ ಹಾಗೆ ಬೋಲ್ಟು ಹಾಕಿಸುತ್ತಾನಂತೆ. ತಂಗಿ ಹೋಗಿ ಕೇಳಿದ್ದಕ್ಕೆ “ಭಾವನೇ ಬೇಡ ಅಂದ್ರಲ್ಲಮ್ಮ” ಎಂದು ನಕ್ಕು ಕಳಿಸಿದ. ಮಾರನೆಯ ವಾರವೇ ಅವಳು ಒಬ್ಬಳೇ ಹೋಗಿ ದಾವೆ ಹಾಕಿದಳು, ಕಿವಿಗೆ ವಕೀಲನನ್ನು ಹಾಕಿಸಿಕೊಂಡು ಬಂದಳು.

ಅದು ರುದ್ರೇಶನಿಗೆ ಗೊತ್ತಾದದ್ದು ಸಾರಿನ ಸೌಟು ಹಿಡಿದ ಅವಳ ಕಿವಿಯಲ್ಲಿ ನೀಲಿ ದೀಪ ಮಿಣುಕಿದಾಗ.

“ಏನೇ ಅದು?”

“ವಕೀಲರು.”

“ಅಲ್ಲ ಇವಳೇ, ಕೋರ್ಟಲ್ಲೇ ಕೂದಲು ಹಣ್ಣು ಮಾಡ್ಕೊಂಡಿರೋ ನಾನು ಮನೇಲೇ ಬಿದ್ದಿದೀನಿ. ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ?”

“ನಿಮ್ಮನ್ನ ಏನಂತ ಕೇಳ್ಲಿ? ಆ ಕಡೆಯವರ ಸಾಕ್ಷಿನೇ ನೀವು” ಎಂದಳು ಅವಳು. ಸಿಟ್ಟಿನಿಂದಲೂ ಹೇಳಲಿಲ್ಲ, ಉಪ್ಪು ಸರಿಯಾಗಿದೆಯೇ ಎಂದು ನೋಡುತ್ತ ಹೇಳಿದಳು.

ಅವತ್ತಿನಿಂದ ಶುರುವಾಯಿತು ರುದ್ರೇಶನ ಹೊಟ್ಟೆಕಿಚ್ಚು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಅವಳು ಏನೋ ಹೇಳಿಕೊಳ್ಳುವಳು, ನಡುವೆ ಸುಮ್ಮನಾಗಿ ಕೇಳಿಸಿಕೊಳ್ಳುವಳು, ಮತ್ತೆ ಹೇಳುವಳು. ಒಮ್ಮೊಮ್ಮೆ ರೊಟ್ಟಿ ತಟ್ಟುತ್ತಲೇ ನಕ್ಕುಬಿಡುವಳು. “ಯಾಕೆ ನಗ್ತೀಯ?” ಎಂದರೆ “ಏನಿಲ್ಲ ಬಿಡಿ”. ಮನೆಯಲ್ಲಿ ಮೂರನೆಯವನೊಬ್ಬ ಇದ್ದಾನೆ, ಅವನಿಗೆ ಎಲ್ಲ ಗೊತ್ತು, ತನಗೆ ಏನೂ ಗೊತ್ತಿಲ್ಲ ಎನ್ನಿಸಿ ರುದ್ರೇಶ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದ.

ಒಂದು ಸಂಜೆ ಅವಳು ಗುಂಡಿಯನ್ನು ಚಾರ್ಜಿಗೆ ಡಬ್ಬಿಯಲ್ಲಿಟ್ಟು, ದೂರದಿಂದಲೇ ಅದರ ಜೊತೆ ಮಾತಾಡುತ್ತಿದ್ದಳು. ರುದ್ರೇಶ ಬಾಗಿಲ ಮರೆಯಲ್ಲಿ ನಿಂತ. ಡಬ್ಬಿಯಿಂದ ಬರುತ್ತಿದ್ದದ್ದು ಮಧ್ಯವಯಸ್ಸಿನ ಗಂಡಸಿನ ದನಿ, ಬೆಣ್ಣೆ ಹಚ್ಚಿದ ಹಾಗಿತ್ತು.

“ವನಜಾಕ್ಷಿ ಅವರೇ, ನಿಮ್ಮ ತಾಯಿ ಆ ಮಾತು ಹೇಳಿದಾಗ ತೂಗುಮಣೆ ತೂಗ್ತಾ ಇತ್ತಾ, ನಿಂತಿತ್ತಾ? ನಿಧಾನವಾಗಿ ನೆನಪು ಮಾಡಿಕೊಳ್ಳಿ. ನನಗೇನೂ ಅವಸರವಿಲ್ಲ.”

ಅವಳು ಹೇಳತೊಡಗಿದಳು. ಸೊಪ್ಪಿನಿಂದ ಶುರುವಾಗಿ, ಆ ಸೊಪ್ಪು ತಂದುಕೊಡುತ್ತಿದ್ದ ಅಜ್ಜಿಗೆ ಹೋಗಿ, ಅಜ್ಜಿಯ ಹಲ್ಲುನೋವಿಗೆ ಹೋಗಿ, ಸುತ್ತಿಕೊಂಡು ತೂಗುಮಣೆಗೆ ಬಂದಳು. ಆ ದನಿ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ‘ವನಜಾಕ್ಷಿ ಅವರೇ’ ಎಂದದ್ದನ್ನು ರುದ್ರೇಶ ಹೇಗೋ ಸಹಿಸಿಕೊಳ್ಳುತ್ತಿದ್ದ. ‘ನನಗೇನೂ ಅವಸರವಿಲ್ಲ’ ಎಂಬ ಮಾತು ಅವನ ಎದೆಗೆ ಚುಚ್ಚಿತು. ಮದುವೆಯಾದಂದಿನಿಂದ ಅವನು ಅವಳಿಗೆ ಆ ಮಾತನ್ನು ಹೇಳಿದವನಲ್ಲ.

ಅಲ್ಲಿಂದ ಮುಂದೆ ಅವನು ತನಗೆ ಗೊತ್ತಿದ್ದ ಹೋರಾಟಕ್ಕೆ ಇಳಿದ. ಅವಳು ಪಿಸುಗುಟ್ಟಲು ಶುರುಮಾಡಿದರೆ ಸಾಕು, ಎಲ್ಲಿದ್ದರೂ ಬಂದು ನಿಲ್ಲುವನು. “ಟವಲ್ ಎಲ್ಲಿಟ್ಟೆ?” ಎನ್ನುವನು. “ಇವಳೇ, ಕಾಫಿ ಆಯ್ತಾ?” ಎನ್ನುವನು. ಟವಲು ಹೆಗಲ ಮೇಲೇ ಇರುತ್ತಿತ್ತು, ಕಾಫಿ ಆಗಲೇ ಕುಡಿದಾಗಿರುತ್ತಿತ್ತು. ಏನೂ ತೋಚದಿದ್ದರೆ ಗೋಡೆಗೆ ಹೇಳುವಂತೆ ಕೋರ್ಟಿನ ಸುದ್ದಿಯನ್ನು ಗಟ್ಟಿಯಾಗಿ ಹೇಳುವನು. ಅವನ ದನಿ ಕೇಳಿದ ಕೂಡಲೇ ಅವಳ ಮಾತು ನಿಲ್ಲುತ್ತಿತ್ತು. ಪ್ರತಿಸಲ ಅವಳು ಸುಮ್ಮನಾದಾಗಲೂ ಆ ಮೀಸೆಯಿಲ್ಲದವನನ್ನು ಒಂದು ಸುತ್ತು ಸೋಲಿಸಿದೆ ಎಂದು ಅವನಿಗೆ ಹಿಗ್ಗು.

ಇಷ್ಟಾದರೂ ಅವನಿಗೆ ತಡೆಯಲಾಗದೆ, ಒಂದು ಮಧ್ಯಾಹ್ನ ಕೋರ್ಟಿನ ಹಿಂದಿದ್ದ ಕಿವಿವಕೀಲ ಕೇಂದ್ರಕ್ಕೆ ಹೋದ. ತಂಪು ಕೋಣೆ, ಗೋಡೆ ತುಂಬ ಪರದೆಗಳು, ಅವುಗಳ ಮೇಲೆ ಏರಿಳಿಯುವ ಗೆರೆಗಳು. ತಾಲ್ಲೂಕಿನಲ್ಲಿ ಆ ಹೊತ್ತು ಕಿವಿಯಲ್ಲಿ ವಕೀಲರಿದ್ದವರಿಗೆಲ್ಲ ತಲೆಗೊಂದು ಗೆರೆ. ನೋಡಿಕೊಳ್ಳುತ್ತಿದ್ದವರು ಫರ್ಹಾನಾ ಎಂಬ ಇಂಜಿನಿಯರು. ಕೋರ್ಟಿನವರಿಗೆಲ್ಲ ಪರಿಚಯದವರು.

“ಮೇಡಂ, ನಮ್ಮನೆಯವಳ ಕಿವೀಲಿರೋದು ಗಂಡಸಾ ಹೆಂಗಸಾ?”

ಫರ್ಹಾನಾ ನಗು ತಡೆದುಕೊಂಡರು. “ಎರಡೂ ಅಲ್ಲ ರುದ್ರೇಶಣ್ಣ. ದನಿ ಅವರೇ ಆರಿಸ್ಕೊಂಡಿದ್ದು.”

“ಏನೇನ್ ಮಾತಾಡ್ತಾರೆ ಇಬ್ರೂ?”

“ಅದು ನನಗೂ ಕೇಳಿಸಲ್ಲ. ಕಕ್ಷಿದಾರರ ಗುಟ್ಟು. ನಾನು ನೋಡೋದು ಬರೀ ಸದ್ದು.” ಅವರು ಒಂದು ಗೆರೆಯನ್ನು ತೋರಿಸಿದರು. “ನೋಡಿ, ಕೋರ್ಟು ರೈಲ್ವೆ ಲೈನ್ ಪಕ್ಕದಲ್ಲೇ ಇದೆ. ರೈಲು ಬಂದಾಗ ಕಿವೀಲಿ ಹೇಳಿದ್ದು ಕೇಳ್ಬೇಕಲ್ಲ. ಹಾಗಾಗಿ ಅಡ್ಡಿ ಮಾಡೋ ಸದ್ದನ್ನ ಅದು ಎರಡೂ ಕಿವಿಯೊಳಗೆ ಬಿಡಲ್ಲ. ಯಾವ ಸದ್ದು ಅಡ್ಡಿ ಅಂತ ನಾವು ಹೇಳಿಕೊಡಲ್ಲ. ಯಾವುದು ಬಂದಾಗಲೆಲ್ಲ ಇವರ ಮಾತು ನಿಂತುಹೋಗುತ್ತೋ ಅದನ್ನ ಎರಡು ವಾರ ಮನೇಲಿ ತಾನೇ ಕಲಿಯುತ್ತೆ, ತಡೆಯೋದು ಕೋರ್ಟಲ್ಲಿ ಮಾತ್ರ.”

“ಜಾಣ ಬಿಡಿ ನನ್ಮಗ” ಎಂದು ಗೊಣಗಿಕೊಂಡು ರುದ್ರೇಶ ಎದ್ದ. ಗುಟ್ಟು ಎಂಬ ಒಂದು ಮಾತು ಬಿಟ್ಟರೆ ಉಳಿದದ್ದು ಯಾವುದೂ ಅವತ್ತು ಅವನ ತಲೆಗೆ ಹೋಗಲಿಲ್ಲ.

ವಿಚಾರಣೆ ಇದ್ದದ್ದು ಒಂದನೇ ಹಾಲಿನಲ್ಲಿ. ಅಲ್ಲಿ ಕೂಗುವವನು ನಾಗಣ್ಣ. ಆದರೆ ಅವತ್ತು ಬೆಳಿಗ್ಗೆ ಆ ನ್ಯಾಯಾಧೀಶರು ರಜೆ ಹಾಕಿ, ಅವರ ಕೇಸುಗಳೆಲ್ಲ ಎರಡನೇ ಹಾಲಿಗೆ ಬಂದುಬಿಟ್ಟವು. ಹೆಂಡತಿಯ ಕೇಸು, ಬೇರೆಯವರನ್ನು ಕೂಗಲು ನಿಲ್ಲಿಸಿ ಎಂದು ರುದ್ರೇಶ ಶಿರಸ್ತೇದಾರರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಆ ಬೆಣ್ಣೆ ದನಿಯ ಮಾತು ಕೇಳಿಕೊಂಡು ಹೇಗೆ ವಾದ ಮಾಡುತ್ತಾಳೋ ಕಣ್ಣಾರೆ ನೋಡಬೇಕಿತ್ತು ಅವನಿಗೆ. ಸೋತು ಬಂದರೆ “ನನ್ನನ್ನ ಕೇಳಿದ್ರೆ ಹೀಗಾಗ್ತಿತ್ತಾ?” ಎನ್ನುವ ಮಾತನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದ.

ವನಜಾಕ್ಷಿ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಬಾಗಿಲಿಗೆ ಅರ್ಧ ಬೆನ್ನು ಹಾಕಿ ಕೂತಿದ್ದಳು. ಹಸಿರು ರೇಷ್ಮೆ ಸೀರೆ, ಮುಡಿಯಲ್ಲಿ ಕನಕಾಂಬರ. ತುಟಿ ಅಲ್ಲಾಡುತ್ತಿತ್ತು. ಹೀಗೆ ಅಲಂಕಾರ ಮಾಡಿಕೊಂಡು ಅವಳು ತನ್ನ ಜೊತೆ ಎಲ್ಲಿಗೆ ಬಂದಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ, ಉರಿ ಇನ್ನಷ್ಟು ಏರಿತು.

ಒಳಗಿಂದ ಕೇಸಿನ ನಂಬರು ಕೇಳಿಬಂತು. ರುದ್ರೇಶ ಹೊಸಿಲ ಮೇಲೆ ನಿಂತ. ಅವಳ ಹೆಸರು ಬಾಯಿಗೆ ಬಂದದ್ದೇ ನಾಲಿಗೆ ಅರ್ಧ ಹಿಂದೆ ಸರಿಯಿತು. ‘ಆ ವಕೀಲನೇ ಎಬ್ಬಿಸಿ ಕಳಿಸ್ಲಿ, ಅಷ್ಟು ಜಾಣ ಅಲ್ವಾ’ ಎಂಬ ಕೆಟ್ಟ ಯೋಚನೆಯೂ ಬಂತು.

“ವಾದಿ ವನಜಾಕ್ಷೀ... ಪ್ರತಿವಾದಿ ಪರಮೇಶಾ...”

ತಗ್ಗಿದ ದನಿಯಲ್ಲಿ ಕೂಗಿದ. ಆ ಕೂಗು ಅವನಿಗೇ ಬೇರೆ ಯಾರದೋ ಎನ್ನಿಸಿತು. ಪರಮೇಶ ತನ್ನ ವಕೀಲರ ಜೊತೆ ಎದ್ದು ಒಳಗೆ ಹೋದ. ಹಾದುಹೋಗುವಾಗ “ಏನ್ ಭಾವ” ಎಂದು ಭುಜ ತಟ್ಟಿದ. ವನಜಾಕ್ಷಿ ಕದಲಲಿಲ್ಲ.

“ವಾದಿ ಎಲ್ಲಿ?” ಎಂದರು ಒಳಗಿನಿಂದ ನ್ಯಾಯಾಧೀಶರು.

ಎರಡನೆಯ ಸಲ ರುದ್ರೇಶ ತನ್ನ ನಿಜವಾದ ಗಂಟಲು ತೆಗೆದು ಕೂಗಿದ. ಕಾರಿಡಾರಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು, ಅವಳೊಬ್ಬಳನ್ನು ಬಿಟ್ಟು. ಅವನ ಮುಖ ಕಪ್ಪಿಟ್ಟಿತು. ಬೇಕೆಂದೇ ಮಾಡುತ್ತಿದ್ದಾಳೆ ಅಂದುಕೊಂಡ. ಆ ವಕೀಲನ ಮಾತಿನಲ್ಲಿ ಮುಳುಗಿದವಳಿಗೆ ನನ್ನ ಕೂಗು ಲೆಕ್ಕಕ್ಕೇ ಇಲ್ಲ ಅಂದುಕೊಂಡ. ಒಳಗೆ ಪರಮೇಶನ ವಕೀಲರು ಎದ್ದು, ವಾದಿಗೆ ಆಸಕ್ತಿಯಿಲ್ಲ, ವಜಾ ಮಾಡಬೇಕು ಸ್ವಾಮಿ ಎಂದು ಹೇಳುತ್ತಿದ್ದದ್ದು ಕೇಳಿಸಿತು.

ಅಷ್ಟರಲ್ಲಿ ಯಾವುದೋ ಮಗು ಅತ್ತಿತು. ವನಜಾಕ್ಷಿ ತಟ್ಟನೆ ತಿರುಗಿ ಮಗುವನ್ನು ನೋಡಿ ನಕ್ಕಳು. ಟೀ ಮಾರುವವನು “ಟೀ, ಟೀ” ಎಂದ. ಬೇಡ ಎಂದು ತಲೆಯಾಡಿಸಿದಳು. ರೈಲು ಗಡಗಡ ಹೋಯಿತು, ಅವಳ ರೆಪ್ಪೆ ಕೂಡ ಅದುರಲಿಲ್ಲ.

ರುದ್ರೇಶನಿಗೆ ಆಗ ತಂಪು ಕೋಣೆಯ ಮಾತು ನೆನಪಾಯಿತು. ಯಾವುದು ಬಂದಾಗಲೆಲ್ಲ ಇವರ ಮಾತು ನಿಂತುಹೋಗುತ್ತೋ, ಅದು. ಟವಲು, ಕಾಫಿ, ಗೋಡೆಗೆ ಹೇಳಿದ ಸುದ್ದಿ, ಎಲ್ಲ ಸಾಲಾಗಿ ನೆನಪಿಗೆ ಬಂದವು. ರೈಲನ್ನೂ ಅವನನ್ನೂ ಅದು ಒಂದೇ ಲೆಕ್ಕಕ್ಕೆ ಸೇರಿಸಿತ್ತು. ಕೇಸಿನ ಕೂಗು ಬಂದರೆ ಅವಳಿಗೆ ತಿಳಿಸುವುದು ಆ ಯಂತ್ರದ ಕೆಲಸವೇ. ಆದರೆ ಕೂಗುವವನ ದನಿಯನ್ನೇ ಅದು ಬಾಗಿಲಾಚೆ ನಿಲ್ಲಿಸಿರುವಾಗ, ಅವನು ಏನು ಕೂಗಿದ ಎಂದು ಅದಕ್ಕಾದರೂ ಹೇಗೆ ಗೊತ್ತಾಗಬೇಕು? ಇನ್ನು ಅವನು ಗಂಟಲು ಹರಿಯುವ ಹಾಗೆ ಕೂಗಿದರೂ ಅವಳಿಗೆ ಕೇಳಿಸುವುದಿಲ್ಲ. ಕೇಸು ವಜಾ ಆಗುತ್ತದೆ, ತೂಗುಮಣೆಗೆ ಬೋಲ್ಟು ಬೀಳುತ್ತದೆ.

“ಮೂರನೇ ಸಲ ಕೂಗಪ್ಪ” ಎಂದರು ಶಿರಸ್ತೇದಾರರು.

ಕೂಗುವವನು ಹೊಸಿಲು ಬಿಟ್ಟು ಕದಲುವ ಹಾಗಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ರುದ್ರೇಶ ಕದಲಿದವನೂ ಅಲ್ಲ. ಅವತ್ತು ಅವನು ಓಡಿದ. ಜನರನ್ನು ತಳ್ಳಿಕೊಂಡು ಓಡಿ, ಬೆಂಚಿನ ಹಿಂದೆ ನಿಂತು, ಅವಳ ಕಿವಿಯ ಗುಂಡಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದ. ಬರಿಗಿವಿಯ ಹತ್ತಿರ ಬಗ್ಗಿದ.

“ವನಜಾಕ್ಷಿ.”

ಅವಳು ಬೆಚ್ಚಿ ತಿರುಗಿದಳು. ಕರೆದವನು ಯಾರೆಂದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ಎದುರಿಗೆ ಗಂಡನ ಮುಖ ಇತ್ತು, ಆದರೆ ಆ ಬಾಯಿಂದ ಆ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ.

“ಎರಡು ಸಲ ಕೂಗಿ ಆಯ್ತು. ಇದು ಮೂರನೇದು. ಓಡು!”

ಅವಳು ನೆರಿಗೆ ಎತ್ತಿಕೊಂಡು ಓಡಿದಳು. ಗುಂಡಿ ಕೇಳಲೂ ಹೊತ್ತಿರಲಿಲ್ಲ. ಅವನು ಹಿಂದೆಯೇ ಓಡಿಬಂದು ಹೊಸಿಲ ಮೇಲೆ ನಿಂತು “ವಾದಿ ಹಾಜರ್ ಸ್ವಾಮಿ!” ಎಂದ. ನ್ಯಾಯಾಧೀಶರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು.

“ನಿಮ್ಮ ಆನ್‌ಲೈನ್ ವಕೀಲರು ಎಲ್ಲಮ್ಮ?”

ವನಜಾಕ್ಷಿ ಕಿವಿ ಮುಟ್ಟಿ ನೋಡಿಕೊಂಡಳು. “ಇಲ್ಲ ಸ್ವಾಮಿ. ನಾನೊಬ್ಳೇ ಇದೀನಿ.”

ಪರಮೇಶನ ವಕೀಲರು ತಮ್ಮ ಒಂದೇ ಅಸ್ತ್ರವನ್ನು ಬಿಟ್ಟರು. ಗಂಡನೇ ಬೇಡ ಎಂದಿದ್ದಾನೆ, ಬೇಕಾದರೆ ಕೇಳಿ, ಇಗೋ ಬಾಗಿಲಲ್ಲೇ ನಿಂತಿದ್ದಾನೆ ಎಂದು ಕೈ ತೋರಿಸಿದರು. ರುದ್ರೇಶ ನೆಲ ನೋಡಿದ.

“ಅವರು ಜಾಗ ಇಲ್ಲ ಅಂದಿದ್ದು ನಿಜ” ಎಂದಳು ವನಜಾಕ್ಷಿ. “ನಮ್ಮಣ್ಣ ಕೇಳಿದ್ದೂ ನಿಜ. ಅವರು ಇವರನ್ನ ಕೇಳಿದ್ರು, ಇವರು ಅವರಿಗೆ ಹೇಳಿದ್ರು. ನಾನು ಒಳಗೆ ಪಾತ್ರೆ ತೊಳೀತಿದ್ದೆ ಸ್ವಾಮಿ. ನಮ್ಮಮ್ಮ ಕೊಟ್ಟಿದ್ದು ನಂಗೆ. ನನ್ನನ್ನ ಮಾತ್ರ ಯಾರೂ ಕೇಳ್ಲೇ ಇಲ್ಲ.” ಆಮೇಲೆ ಅವಳು ಸೊಪ್ಪಿನಿಂದ ಶುರುಮಾಡಿದಳು. ಸೊಪ್ಪಿನ ಅಜ್ಜಿಗೆ ಹೋದಳು. ಎದುರು ವಕೀಲರು ತಡೆಯಲು ಎದ್ದಾಗ ನ್ಯಾಯಾಧೀಶರು ಕೈಸನ್ನೆ ಮಾಡಿ ಕೂರಿಸಿದರು.

ಹೊಸಿಲ ಮೇಲಿದ್ದ ರುದ್ರೇಶನ ಮುಷ್ಟಿಯಲ್ಲಿ ಗುಂಡಿ ಗುಯ್‌ಗುಡುತ್ತಿತ್ತು. ಅವನು ಅತ್ತ ಇತ್ತ ನೋಡಿ ಅದನ್ನು ತನ್ನ ಕಿವಿಗೆ ಇಟ್ಟುಕೊಂಡ. ಇಷ್ಟು ದಿನದ ಮೇಲೆ ಶತ್ರು ಕೈಗೆ ಸಿಕ್ಕಿದ್ದ.

“ವನಜಾಕ್ಷಿ ಅವರೇ, ಅಲ್ಲಿದ್ದೀರಾ?” ಎಂದಿತು ಬೆಣ್ಣೆ ದನಿ.

“ಅವಳಲ್ಲ ಕಣಯ್ಯ. ಅವಳ ಗಂಡ” ಎಂದ ರುದ್ರೇಶ, ಹಲ್ಲು ಕಚ್ಚಿ.

“ವನಜಾಕ್ಷಿ ಅವರೇ, ಯಾರೂ ಮಾತಾಡ್ತಿಲ್ಲ. ನೀವು ಸುರಕ್ಷಿತವಾಗಿದ್ದೀರಾ?”

“ನಾನು ಮಾತಾಡ್ತಿದೀನಲ್ಲೋ! ರುದ್ರೇಶ!”

“ಇಲ್ಲಿ ಸದ್ದು ಜಾಸ್ತಿಯಾಗುತ್ತಿದೆ” ಎಂದಿತು ಅದು ಸಮಾಧಾನದಿಂದ. “ಕಡಿಮೆ ಮಾಡುತ್ತಿದ್ದೇನೆ. ನೀವು ಗಾಬರಿಯಾಗಬೇಡಿ.”

ರುದ್ರೇಶ ಗುಂಡಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ. ಅವನಿಗೆ ಅಳು ಬಂತು. ಬಂದದ್ದನ್ನು ನುಂಗಿಕೊಂಡು, ಒಳಗೆ ಹೆಂಡತಿ ಹೇಳುತ್ತಿದ್ದದ್ದನ್ನು ಕೊನೆಯವರೆಗೂ ನಿಂತು ಕೇಳಿದ. ಸೊಪ್ಪಿನ ಅಜ್ಜಿಯ ಹೆಸರು ಕೆಂಚಮ್ಮ ಎಂದು ಅವತ್ತು ಅವನಿಗೆ ಗೊತ್ತಾಯಿತು.

ತೀರ್ಪಿನವರೆಗೆ ತೂಗುಮಣೆಯನ್ನು ಎಲ್ಲಿಗೂ ಸಾಗಿಸಬಾರದು, ಯಾವ ಬೋಲ್ಟೂ ಹಾಕಬಾರದು ಎಂದು ಆದೇಶವಾಯಿತು. ಮುಂದಿನ ತಿಂಗಳಿಗೆ ವಾಯಿದೆ ಬಿತ್ತು. ಹೊಸಿಲು ಬಿಟ್ಟದ್ದಕ್ಕೆ ರುದ್ರೇಶನಿಗೆ ಶಿರಸ್ತೇದಾರರಿಂದ ನೋಟಿಸೂ ಬಂತು. ಗುಂಡಿಯನ್ನು ಹಿಡಿದುಕೊಂಡು ಗಂಡ ಹೆಂಡತಿ ಕೇಂದ್ರಕ್ಕೆ ಹೋದಾಗ, ಫರ್ಹಾನಾ ಪರದೆ ನೋಡಿ ರುದ್ರೇಶನ ಮುಖ ನೋಡಲಾರದೆ ಹೇಳಿದರು. “ಕೈಯಾರೆ ಸರಿ ಮಾಡೋಕೆ ಬರಲ್ಲ ಅಣ್ಣ. ಇನ್ನೆರಡು ವಾರ ಮನೇಲಿ ಅದೇ ಕೇಳಿಸ್ಕೋಬೇಕು. ನಿಮ್ಮ ದನಿ ಬಂದ್ರೂ ಅವರ ಮಾತು ನಿಲ್ಲಬಾರದು. ಆಗ ಅದು ನಿಮ್ಮ ದನಿಯನ್ನ ತಾನೇ ಒಳಗೆ ಬಿಡುತ್ತೆ.”

ಮನೆಯಲ್ಲಿ ಮೊದಲ ಕೆಲವು ದಿನ ರುದ್ರೇಶನಿಗೆ ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಟವಲು ಕಾಫಿ ಬಿಟ್ಟರೆ ಅವನಲ್ಲಿ ಮಾತೇ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವಳು ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಾಗ ಅವನೂ ಬಂದು ಪಕ್ಕದಲ್ಲಿ ಕೂತ. ಅವಳ ಕಿವಿಯಲ್ಲಿ ನೀಲಿ ದೀಪ ಮಿಣುಕುತ್ತಿತ್ತು. ಅದನ್ನು ನೋಡಿದರೆ ಈಗಲೂ ಅವನಿಗೆ ಉರಿಯುತ್ತಿತ್ತು.

“ವನಜಾಕ್ಷಿ” ಎಂದ. ಇನ್ನೂ ನಾಲಿಗೆಗೆ ಸಲೀಸಾಗಿರಲಿಲ್ಲ. “ತೂಗುಮಣೆ ಬಂದ್ರೆ ಎಲ್ಲಿ ಕಟ್ಟೋಣ?”

ಅವಳು ಅವನನ್ನೊಮ್ಮೆ ನೋಡಿ ಸೊಪ್ಪಿಗೆ ಕೈ ಹಾಕಿದಳು. ನಡುಮನೆಯ ತೊಲೆ ತಡೆಯುವುದಿಲ್ಲ, ಹಜಾರದಲ್ಲಿ ಆಗಬಹುದು ಎಂದು ಶುರುಮಾಡಿ, ತವರಿನ ತೊಲೆಗೆ ಹೋದಳು, ಅದನ್ನು ಕೆತ್ತಿದ ಆಚಾರಿಗೆ ಹೋದಳು, ಆಚಾರಿಯ ಮಗಳ ಮದುವೆಗೆ ಹೋದಳು. ರುದ್ರೇಶನ ನಾಲಿಗೆ ಎರಡು ಮೂರು ಸಲ ತುರಿಸಿತು. ಕಚ್ಚಿ ಹಿಡಿದುಕೊಂಡು “ಹ್ಞೂಂ, ಆಮೇಲೆ?” ಎಂದಷ್ಟೇ ಅಂದ. ಅವಳ ಮಾತು ನಿಲ್ಲಲಿಲ್ಲ.

ಸೊಪ್ಪು ಮುಗಿಯುವ ಹೊತ್ತಿಗೆ ಅವಳು ಇದ್ದಕ್ಕಿದ್ದ ಹಾಗೆ ತಲೆ ವಾಲಿಸಿ ಕೇಳಿಸಿಕೊಂಡಳು, ಮುಖದಲ್ಲಿ ಒಂದು ನಗು ಬಂತು. ರುದ್ರೇಶನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು.

“ಏನಂತೆ ಅವನದು?”

“ಮನೆಗೆ ಯಾರೋ ಹೊಸಬರು ಬಂದಿದಾರೆ, ಯಾರು ಅಂತ ಕೇಳ್ತಿದೆ.”

ರುದ್ರೇಶ ಕೆಳಗೆ ಬಿದ್ದಿದ್ದ ಒಂದು ಎಲೆ ಎತ್ತಿ ಮೊರಕ್ಕೆ ಹಾಕಿದ. “ನೀನೇನಂದೆ?”

“ಇನ್ನೂ ಏನೂ ಹೇಳಿಲ್ಲ” ಎಂದು ವನಜಾಕ್ಷಿ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.